ಎಳೆ

ಜನವರಿಯ ಮಡಿಕೇರಿಯಲ್ಲಿ ಹಗಲೂ ರಾತ್ರಿ
ಮೂವತ್ತೇಳು ಡಿಗ್ರಿ ಬೆಚ್ಚಗಿರುವ ಮನೆ ಒಂದೇ,
ನಮ್ಮ ಲ್ಯಾಬಿನ ಇನ್‌ಕ್ಯುಬೇಟರ್.
ಬೆಳಿಗ್ಗೆ ಬಂದವಳು ಮೊದಲು ಅದರ ನೆತ್ತಿಗೆ ಅಂಗೈ ಇಡುತ್ತೇನೆ,
ಮಗುವಿನ ಜ್ವರ ನೋಡುವ ಹಾಗೆ.
ಆಮೇಲೆ ಬಾಗಿಲು.

ಹದಿನಾಲ್ಕನೇ ಬೆಡ್. ಚಾತ. ಸಿದ್ದಾಪುರದ ಕಡೆಯವನು.
ಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿ ಜಾರಿ
ತೊಡೆಯ ಮೂಳೆ ಮುರಿದದ್ದು ಕ್ರಿಸ್‌ಮಸ್ಸಿನ ಮಾರನೇ ದಿನ.
ಮೂಳೆ ಕೂಡುತ್ತಿತ್ತು.
ರಾಡು ಹಾಕಿದ ಗಾಯ ಒಂಬತ್ತನೇ ದಿನ ಕೀವಾಯಿತು.
ಬರುವಾಗ ಅವನ ಹತ್ತಿರ ಇಲ್ಲದ್ದು,
ಇಲ್ಲಿ ನಾವು ಕೊಟ್ಟದ್ದು.

ತಟ್ಟೆಯ ಮುಚ್ಚಳ ತೆಗೆದೆ.
ಗುಲಾಬಿ ಬಣ್ಣ, ಒದ್ದೆ ಹೊಳಪು,
ಒಂದರ ಮೈಮೇಲೊಂದು ಜಾರಿ ಕೂತ ದಪ್ಪ ಹನಿಗಳು.
ತಂತಿಯ ಕುಣಿಕೆ ತಾಗಿಸಿ ಮೇಲೆತ್ತಿದರೆ
ಎಳೆ ಬಂತು.
ಐದು ಮಿಲಿಮೀಟರ್ ದಾಟಿದರೆ ಕೇಡು ಎನ್ನುತ್ತದೆ ಪುಸ್ತಕ.
ಇದು ಹಲಸಿನ ಮೇಣ,
ಎರಡು ಇಂಚು ಬಂದರೂ ಕಡಿಯಲಿಲ್ಲ.
ಬಿಳಿ ರಕ್ತಕಣ ಹಿಡಿಯಹೋದರೆ ಕೈ ಜಾರುವ ಅಂಗಿ.
ಚಂದ ಅನ್ನಿಸಿತು.
ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಮರುದಿನ ಇನ್ನೊಂದು ತಟ್ಟೆ,
ಹುಲ್ಲುಬಣ್ಣದ ಅಗರಿನ ಮೇಲೆ ಮದ್ದು ಅದ್ದಿದ ಬಿಲ್ಲೆಗಳು.
ಮದ್ದು ಗೆದ್ದಲ್ಲಿ ಬಿಲ್ಲೆಯ ಸುತ್ತ
ಗುಡಿಸಿಟ್ಟ ಹಾಗೆ ಬರಿದಾದ ಒಂದು ಬಳೆ ಮೂಡಬೇಕು.
ಬಳೆ ಇಲ್ಲ.
ಬಿಲ್ಲೆಯ ಅಂಚಿಗೇ ಮೈ ತಾಗಿಸಿ
ಬೆಂಕಿ ಕಾಯಿಸುವವರ ಹಾಗೆ ಕೂತಿವೆ.

ಬಳೆ ಇರುವುದು ಅವುಗಳ ಒಳಗೆ.
ಜೀನುಗಳ ಸಣ್ಣ ಗುಂಡು ಬಳೆ.
ಕುಲ ಕೇಳದೆ ಒಕ್ಕ ಕೇಳದೆ
ಪಕ್ಕದಲ್ಲಿ ಹಾದವಳಿಗೆ ತೊಡಿಸಿ ಕಳಿಸುತ್ತವೆ,
ತಮ್ಮ ಕೈಯದು ತಮ್ಮ ಕೈಯಲ್ಲೇ ಇದ್ದು.

ರಿಪೋರ್ಟಿನಲ್ಲಿ ಬರೆದೆ: ಆರ್. ಆರ್. ಆರ್. ಆರ್.
ಮದ್ದಿಗೆ ಬಗ್ಗದು ಎಂಬುದಕ್ಕೆ ಒಂದೇ ಅಕ್ಷರ.
ಪಿಯುಸಿಯ ಕನ್ನಡ ಮೇಡಂ ನೆನಪಾದರು,
ಹಳಗನ್ನಡದಲ್ಲಿ ಆರ್ ಎಂದರೆ ಯಾರು.
ಯಾರು. ಯಾರು. ಯಾರು. ಯಾರು.
ಬೇರೆ ಕೊಳವೆಯಲ್ಲಿ ನೋಡಿದ ಕೊಲಿಸ್ಟಿನ್ ಮಾತ್ರ
ಇನ್ನೂ ಹಿಡಿಯುತ್ತಿತ್ತು,
ಕಿಡ್ನಿ ಸುಡುವ ಹಳೇ ಮದ್ದು.

ಡಾಕ್ಟರ್ ನಾಣಿಯಪ್ಪ ಕನ್ನಡಕ ಒರೆಸಿಕೊಂಡು
ಕೋವಿಯಲ್ಲಿ ಇನ್ನು ಒಂದೇ ತೋಟ, ಎಂದರು.
ಈ ಜಿಲ್ಲೆಯಲ್ಲಿ ಎಲ್ಲದಕ್ಕೂ ಕೋವಿಯೇ ಹೋಲಿಕೆ.
ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಬೊಳ್ಚಿ ಕೇಳಿದಳು:
ಯಾವ ತೋಟ?
ಅಲ್ಲಿ ಕೆಲಸ ಉಂಟಾ?
ಯಾರೂ ನಗಲಿಲ್ಲ.

ಬೊಳ್ಳವ್ವ ಸಿಸ್ಟರ್ ದೀಪ ಹಿಡಿದರು,
ನಾನು ಹತ್ತಿಕಡ್ಡಿ.
ಮಂಚದ ಕಂಬಿ, ಡ್ರೆಸ್ಸಿಂಗ್ ಟ್ರಾಲಿ,
ಹಾಜರಿ ಪುಸ್ತಕಕ್ಕೆ ದಾರ ಕಟ್ಟಿದ ಪೆನ್ನು,
ಡಾಕ್ಟರ ಸ್ಟೆತಸ್ಕೋಪು (ಕೇಳದೆಯೇ),
ಸಿಸ್ಟರ ಉಗುರುಸಂದು, ನನ್ನದೂ.
ಎರಡು ದಿನ ಕಾದೆ.

ಕೈ ತೊಳೆಯುವ ಆರು ಹಂತದ ಚಿತ್ರಪಟ,
ಅದರ ಕೆಳಗಿನ ನಲ್ಲಿ.
ಬಾಯಿಯ ಜಾಲರಿಯಲ್ಲಿ ಅದೇ ಗುಲಾಬಿ, ಅದೇ ಎಳೆ.
ಶ್ರದ್ಧೆಯಿಂದ ಕೈ ತೊಳೆದವರೇ
ಹೊತ್ತು ತಂದಿದ್ದರು ಹಾಸಿಗೆಯಿಂದ ಹಾಸಿಗೆಗೆ.

ಯಾರು ಎಂದು ಕೇಳುವ ನನ್ನ ಪರ್ಸಿನಲ್ಲೂ
ಅರ್ಧ ಸ್ಟ್ರಿಪ್ಪು ಮಾತ್ರೆ ಇದೆ,
ಮೂರನೇ ದಿನಕ್ಕೆ ಗಂಟಲು ವಾಸಿಯಾಗಿ ಬಿಟ್ಟದ್ದು.
ಮುಂದಿನ ಸಲಕ್ಕಾಗುತ್ತದೆ ಎಂದು ಇಟ್ಟದ್ದು.
ಬಿಸಾಡಲು ತೆಗೆದೆ. ಎಲ್ಲಿ ಬಿಸಾಡುವುದು?
ಮತ್ತೆ ಒಳಗಿಟ್ಟೆ.

ಚಾತನಿಗೆ ಇವತ್ತು ಜ್ವರ ಒಂದು ಗೆರೆ ಇಳಿದಿದೆ.
ಕ್ರಿಯಾಟಿನಿನ್ ಎರಡು ಗೆರೆ ಏರಿದೆ.
ಗಂಜಿ ಬೇಕು ಅಂದನಂತೆ,
ಏಣಿ ಯಾರ ಹತ್ತಿರ ಉಂಟು ಎಂದು ಕೇಳಿದನಂತೆ.

ನಲ್ಲಿ ಬದಲಾಯಿತು. ಹೊಸದು ಮೊಣಕೈಯಿಂದ ತಿರುಗುತ್ತದೆ.
ಹಳೆಯದೆಲ್ಲಿ ಎಂದರೆ ವಾಚ್‌ಮನ್ ಹೇಳಿದ:
ಪ್ಲಂಬರ್ ಲೋಕಪ್ಪ ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿಕೊಂಡ,
ಒಳ್ಳೇ ಸ್ಟೀಲು ಮೇಡಂ, ವಾಷರ್ ಒಂದು ಹೋಗಿತ್ತು ಅಷ್ಟೇ.

ಏಳೂವರೆಗೆ ಫೋನ್ ಮಾಡಿದೆ.
ಎತ್ತಿದ್ದು ಅವನ ಹೆಂಡತಿ.
ಅವಳ ಹಲೋ ಹಿಂದೆ
ಪಾತ್ರೆಗೆ ನೀರು ಬೀಳುವ ಸದ್ದು.