ನೆಲ ಸಿಗದ ಕರೆಂಟು

ಮಧ್ಯಾಹ್ನ ಎರಡಕ್ಕೇ ಕತ್ತಲು.
ಹೊಳೆ ಹೆಪ್ಪುಗಟ್ಟಿದೆ; ಆಚೆ ದಡ ಫಿನ್‌ಲ್ಯಾಂಡು,
ಅಲ್ಲಾಗಲೇ ಮೂರು.
ಎಸ್ಕಿಲ್ ಲಾಂಟೊ ತನ್ನ ಅರವತ್ತಾರರ ವೋಲ್ವೋ ತಂದು
ನನ್ನ ಶೆಡ್ಡಿನೊಳಗೆ ನಿಲ್ಲಿಸಿ, ಟೋಪಿ ತೆಗೆಯದೆ ಹೇಳಿದ:
"ಮುಂದಿನ ದೀಪ ಉರೀತದೆ, ಹಿಂದಿನದೂ ಉರೀತದೆ,
ನನ್ನೆದುರಿನ ಮುಳ್ಳುಗಳಿಗೆ ಮಾತ್ರ ಅಮಾವಾಸ್ಯೆ."

"ಮತ್ತೆ ಇಷ್ಟು ದಿನ ವೇಗ ಹೇಗೆ ಗೊತ್ತಾಯಿತು?"
"ರಸ್ತೆಯಂಚಿನ ಹಿಮಗಂಬ ಎಣಿಸಿದೆ.
ಕಂಬದಿಂದ ಕಂಬಕ್ಕೆ ಒಂದುಸಿರು ಅಂದರೆ ಐವತ್ತು.
ಉಸಿರಿಗೆರಡು ಕಂಬ ಅಂದರೆ ಹೆಂಡತಿ ಬಯ್ಯುತ್ತಾಳೆ."

ಮೂವತ್ತು ವರ್ಷ ಟೆಲಿಫೋನ್ ಕಂಬ ಹತ್ತಿದವಳು ನಾನು.
ತಂತಿ ಸುಳ್ಳು ಹೇಳುವುದಿಲ್ಲ;
ಹೇಳುವುದು ತಂತಿ ಮುಟ್ಟಿದವರು.

ಮೊದಲು ಫ್ಯೂಸು. ತುದಿಯ ಹಸಿರು ಕಿಲುಬನ್ನು
ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಸಿಕ್ಕಿಸಿದೆ.
ಇಲ್ಲ.
ಆಮೇಲೆ ಬಲ್ಬು, ಬಟಾಣಿಗಿಂತ ತುಸು ದಪ್ಪ.
ಬ್ಯಾಟರಿಗೆ ಹಿಡಿದರೆ ನಕ್ಕಿತು. ಅದರ ತಪ್ಪಲ್ಲ.
ಬೆಳಕು ಏರಿಳಿಸುವ ಗುಂಡಿಯನ್ನು ಹತ್ತು ಸಲ ತಿರುವಿದೆ,
ನನ್ನ ಮೊಣಕಾಲಿನ ಹಾಗೆ ಕರಕರ ಅಂದಿತು,
ಕೆಲಸ ಮಾತ್ರ ಮಾಡುತ್ತಿತ್ತು, ನನ್ನ ಮೊಣಕಾಲಿನ ಹಾಗೇ.

ಸ್ಟೇರಿಂಗಿನಡಿ ಬೆನ್ನು ಹಾಕಿ, ಕಾಲು ಸೀಟಿನ ಮೇಲೆ ಚಾಚಿ,
ಬಾಯಲ್ಲಿ ಟಾರ್ಚು, ಲೋಹ ತುಟಿಗಂಟದಂತೆ
ಅದಕ್ಕೊಂದು ಹಳೇ ಕಾಲುಚೀಲ,
ಪರೀಕ್ಷೆ ದೀಪದ ಮೊಸಳೆಹಲ್ಲನ್ನು ಕಬ್ಬಿಣಕ್ಕೆ ಕಚ್ಚಿಸಿ
ತಂತಿ ಮುಟ್ಟಿದೆ. ಉರಿಯಿತು.
ಅಂದರೆ ಕರೆಂಟು ಬರುತ್ತಿದೆ,
ಹೊಸ್ತಿಲ ತನಕ ಬಂದು ನಿಂತಿದೆ.

ಆಗ ಎಸ್ಕಿಲ್, ಕೈಗೆ ಕೆಲಸವಿಲ್ಲದೆ,
ಲೈಟು ಆರಿಸಿ ಎಡಗಡೆ ಇಂಡಿಕೇಟರ್ ಹಾಕಿದ.
ಟಿಕ್ ಟಕ್. ಟಿಕ್ ಟಕ್.
ಮುಳ್ಳುಗಳ ಹಿಂದೆ, ಬೂದಿಯೊಳಗಿನ ಕೆಂಡದಷ್ಟು,
ಏನೋ ಕೆಂಪಗೆ ಮಿಣುಕಿ ಆರಿತು,
ಮಿಣುಕಿ ಆರಿತು.

"ತೆಗೀಬೇಡ, ಇರಲಿ!" ಅಂತ ಕೂಗಿದೆ.
ಕಾಲುಚೀಲದಾಚೆ ಅವನಿಗೆ ಕೇಳಿದ್ದೇನೋ,
ಹೋಗಿ ಕಾಫಿ ಬಗ್ಗಿಸಿಕೊಂಡು ಬಂದ.

ಸಿಕ್ಕಿತ್ತು ಕಳ್ಳದಾರಿ.
ಹೋದ ಕರೆಂಟು ಮರಳಬೇಕು, ಅದರ ಹಟ ಅಷ್ಟೇ.
ರಾಜಬೀದಿ ಮುಚ್ಚಿದರೆ ಪಕ್ಕದ ಬಲ್ಬಿನ ಹಿತ್ತಿಲು ಹಾರಿ
ಯಾವುದೋ ದೀಪದ ತಂತಿ ಹಿಡಿದು, ಬಂಪರಿನ ಮೂಲೆ ಸುತ್ತಿ
ಹೇಗೋ ನೆಲ ಸೇರುತ್ತದೆ.
ಅಷ್ಟು ಅಲೆದ ಮೇಲೆ ಬೆಳಗಲು ಉಳಿಯುವುದೇನು?

ನಾಲ್ಕು ಸ್ಕ್ರೂ ಬಿಚ್ಚಿ ಇಡೀ ಮುಖವನ್ನು ಮುಂದಕ್ಕೆಳೆದೆ.
ಹಿಂಬದಿಯ ಪಟ್ಟಿ, ಅರ್ತಿನ ತಂತಿ ಕೂರುವ ಜಾಗ,
ಮೊಟ್ಟೆಯಂತೆ ಹೊಳೆಯುತ್ತಿತ್ತು.
"ಇಲ್ಲಿಗೂ ಬಣ್ಣ ಯಾರು ಹೊಡೆದದ್ದು?"

ಹೋದ ಬೇಸಿಗೆ, ಸೂರ್ಯ ಮುಳುಗದ ಆ ವಾರಗಳಲ್ಲಿ,
ಎಸ್ಕಿಲ್ ಒಂದೊಂದನ್ನೂ ಬಿಚ್ಚಿ, ತೊಳೆದು, ಹಗ್ಗಕ್ಕೆ ತೂಗುಹಾಕಿ
ಏಳು ಕೋಟು ಕೊಟ್ಟಿದ್ದ.
ಯಾರ ಕಣ್ಣಿಗೂ ಬೀಳದ ಕಡೆಗೂ.
"ಅಂಥ ಕಡೆಗೇ," ಅಂದ.

ಕೆರೆಯುವ ಮುನ್ನ ಅವನ ಮುಖ ನೋಡಿದೆ.
ಗೋಡೆಯ ಕ್ಯಾಲೆಂಡರು ಓದತೊಡಗಿದ್ದ.
ಹಳೇ ವರ್ಷದ್ದು.
ಚಾಕುವಿನ ತುದಿ, ಒಂದು ನಾಣ್ಯದಗಲ, ಚಿರ್ ಚಿರ್,
ಒಂದು ಕೋಟು, ಇನ್ನೊಂದು, ಮತ್ತೊಂದು, ಮುಗಿಯುವುದೇ ಇಲ್ಲ,
ಕೊನೆಗೆ ಬರಿಯ ಕಬ್ಬಿಣ.
ಆ ಗಾಯದ ಮೇಲೊಂದು ವಾಷರು, ನಟ್ಟು, ಚೂರು ಗ್ರೀಸು.

ಕೀಲಿ ತಿರುವಿ ಗುಂಡಿ ಎಳೆದ.
ಶೆಡ್ಡಿನ ಕತ್ತಲಲ್ಲಿ ಮೊದಲು ಅವನ ಮೀಸೆ ಕಂಡಿತು,
ಆಮೇಲೆ ಮೂಗು, ಆಮೇಲೆ ನಗಬಾರದೆಂದುಕೊಂಡ ಬಾಯಿ.
ವೇಗದ ಕೆಂಪು ಪಟ್ಟಿ ಸೊನ್ನೆಯಲ್ಲಿ ಮಲಗಿದೆ.
ಎಂಜಿನ್ನಿನ ಬಿಸಿ ಸರಿಯಾಗಿದೆ.
ಪೆಟ್ರೋಲು...

ಇಬ್ಬರೂ ಬಗ್ಗಿದೆವು.
ಮುಳ್ಳು ಕೆಂಪಿಗಿಂತಲೂ ಕೆಳಗೆ
ಗೋಡೆಗೊರಗಿದ ಕುಡುಕನ ಹಾಗೆ.

"ಕತ್ತಲಲ್ಲಿ ಕಾಣಿಸಿರಲಿಲ್ಲ," ಅಂದ.
ಮೂಲೆಯ ಕ್ಯಾನು ಎತ್ತಿ ಅಲ್ಲಾಡಿಸಿದೆ.
ಹತ್ತು ಕಿಲೋಮೀಟರಿನಷ್ಟು ಸದ್ದು ಮಾಡಿತು.
ಅವನ ಮನೆ ಹನ್ನೆರಡು.

"ಆ ದೀಪ ಆರಿಸಿಕೊಂಡು ಹೋದರೆ ಮುಟ್ಟಿದರೂ ಮುಟ್ಟೀಯೆ,"
ತಮಾಷೆಗೆ ಅಂದೆ.
ತಮಾಷೆಗೂ ಆರಿಸಲಿಲ್ಲ.