ರಾತ್ರಿ ಪಾಳಿಯವನ ಮಧ್ಯಾಹ್ನ

ಹುಬ್ಬಳ್ಳಿಯಿಂದ ಬಸ್ಸು ತಂದು ಡಿಪೋದಲ್ಲಿ ನಿಲ್ಲಿಸಿ
ಕೋಡಿಬಾಗದ ಮನೆ ಮುಟ್ಟುವಾಗ ಏಳು ಗಂಟೆ.
ಬಲಗೈ ಮಾತ್ರ ಮೊಣಕೈತನಕ ಕಪ್ಪು,
ಹಗಲು ಓಡಿಸುತ್ತಿದ್ದ ಕಾಲದ್ದು, ಇನ್ನೂ ಹೋಗಿಲ್ಲ.

ನಿನ್ನೆಗೆ ಶಾಲೆ ಮುಗಿಯಿತು.
ಇನ್ನು ಇಬ್ಬರೂ ಮನೆಯಲ್ಲೇ, ಇಡೀ ದಿನ.
ಪ್ರಮೀಳಾ ಕಾನೂನು ಹೊರಡಿಸಿದ್ದಾಳೆ:
ಅಪ್ಪ ಏಳುವ ತನಕ ಯಾರೂ ಕೂಗಬಾರದು,
ಚೆಂಡು ಗೋಡೆಗೆ ತಾಗಬಾರದು,
ಜಗಳ ಬಂದರೆ ಹಿತ್ತಲಿಗೆ ಹೋಗಿ,
ಬಾವಿಕಟ್ಟೆಯಿಂದಲೂ ಆಚೆ.

ಮೂರು ತಾಸು ನಿದ್ದೆ ಬಿತ್ತು. ಆಮೇಲೆ ಸೆಕೆ.
ಕಣ್ಣು ಮುಚ್ಚಿಕೊಂಡೇ ಕೇಳುತ್ತೇನೆ
ನಾನಿಲ್ಲದ ಹಾಗೆ ನಡೆಯುವ ನನ್ನ ಮನೆಯನ್ನು.
ಮೀನಿನವಳು "ಶೆಟ್ಲೀ" ಎಂದು ಶುರುಮಾಡಿ
ನಮ್ಮ ಗೇಟಿನೆದುರು ಅರ್ಧಕ್ಕೇ ನುಂಗುತ್ತಾಳೆ;
ಯಾರೋ ತುಟಿಗೆ ಬೆರಳಿಟ್ಟು ತೋರಿಸಿರಬೇಕು.
ಕಿಟಕಿಯ ಹೊರಗೆ ಹಳೇ ಸೀರೆಯ ಮೇಲೆ ಹಲಸಿನ ಹಪ್ಪಳ,
ಅದನ್ನು ಕಾಯುವ ಕೆಲಸ ಸೋಹಮನದು.
ಕಾಗೆಯನ್ನು ಪಿಸುದನಿಯಲ್ಲಿ ಓಡಿಸುತ್ತಿದ್ದಾನೆ.
"ಹುಶ್, ಹೋಗು, ಅಪ್ಪ ಮಲಗಿದಾನೆ."
ಕಾಗೆಗೆ ಕೇಳಿಸಲಿಲ್ಲ.

ನಡುವೆ ಒಮ್ಮೆ ಒಳಗೆ ಬಂದು
ಉಪ್ಪುಪ್ಪು ಬೆರಳಲ್ಲಿ ನನ್ನ ರೆಪ್ಪೆ ಎತ್ತಿ ನೋಡಿದ.
ಏನು ಕಂಡಿತೋ,
"ಇನ್ನೂ ರಾತ್ರಿಯೇ" ಎಂದು ಅಕ್ಕನಿಗೆ ವರದಿ ಕೊಟ್ಟ.

ಎರಡಕ್ಕೆ ಕರೆಂಟು ಹೋಯಿತು.
ಫ್ಯಾನು ತನ್ನ ಕೊನೆಯ ಸುತ್ತುಗಳನ್ನು
ಜಿಪುಣನ ಹಾಗೆ ಎಣಿಸಿ ಕೊಟ್ಟು ನಿಂತಿತು.
ಕತ್ತಿನಡಿ ದಿಂಬು ಒದ್ದೆ. ಏಳಬೇಕೆಂದುಕೊಂಡೆ,
ಅಷ್ಟರಲ್ಲಿ ಗಾಳಿ.
ಸಣ್ಣದು, ಅಡ್ಡಾದಿಡ್ಡಿ, ಮುಖಕ್ಕೊಮ್ಮೆ, ಗೋಡೆಗೊಮ್ಮೆ,
ಕೈ ಸೋತಾಗ ನಿಂತು, ಕೈ ಬದಲಿಸಿ ಮತ್ತೆ.

ಕೂದಲೆಳೆಯಷ್ಟು ಕಣ್ಣು ಬಿಟ್ಟೆ.
ಪೂರ್ವಿ. ಕೈಯಲ್ಲಿ ಎರಡನೇ ಇಯತ್ತೆಯ ಪ್ರಗತಿಪತ್ರ,
ಹಳದಿ ರಟ್ಟು. ಅದು ಬೀಸಿ ಹತ್ತಿರ ಬಂದಾಗೆಲ್ಲ
ಒಂದೊಂದು ತುಣುಕು ಓದಲು ಸಿಗುತ್ತದೆ:
ಗಣಿತ... ಬಿ ಪ್ಲಸ್... ಹಾಜರಿ...
ಕೆಳಗೆ ಕೆಂಪು ಶಾಯಿಯಲ್ಲಿ ಅಕ್ಕೋರ ಅಕ್ಷರ,
"ತರಗತಿಯಲ್ಲಿ ಮಾತು ಜಾಸ್ತಿ. ಪಾಲಕರು ಗಮನಿಸಿ."

ಗಮನಿಸುತ್ತಿದ್ದೇನೆ ಅಕ್ಕೋರೇ.
ಬೆಳಗಿನಿಂದ ಇವಳದೊಂದು ಮಾತೂ ಕೇಳಿಲ್ಲ.
ಈಗ ತುಟಿ ಮಾತ್ರ ಅಲ್ಲಾಡುತ್ತಿದೆ,
ಬೀಸಿದ್ದನ್ನು ಎಣಿಸುತ್ತಿದ್ದಾಳೆ, ಕಾಣುತ್ತದೆ.
ಕಣ್ಣು ಬಿಟ್ಟರೆ ಬೀಸುವುದು ನಿಲ್ಲುತ್ತದೆ.
ಬಿಡದಿದ್ದರೆ ಅವಳ ಕೈ ನೋಯುತ್ತದೆ.
ಹನ್ನೆರಡು ವರ್ಷ ಸ್ಟೇರಿಂಗ್ ಹಿಡಿದಿದ್ದೇನೆ,
ಇಂಥ ತಿರುವು ಆರಬೈಲು ಘಾಟಿನಲ್ಲೂ ಸಿಕ್ಕಿಲ್ಲ.
ಅವಳಿಗೆ ಸಮಾಧಾನವಾಗಲೆಂದು
ಸುಳ್ಳೇ ಒಂದು ಗೊರಕೆ ಹೊಡೆದೆ.
ಅವಳು ಇನ್ನೂ ಜೋರಾಗಿ ಬೀಸಿದಳು.

"ಕರೆಂಟ್ ಬಂತೋ!"
ಇಡೀ ಕೇರಿ ಕೂಗಿತು, ಸೋಹಮನ ದನಿ ಎಲ್ಲಕ್ಕಿಂತ ಮೇಲೆ.
ಮರುಕ್ಷಣ ಎರಡೂ ಕೈಯಿಂದ ಬಾಯಿ ಮುಚ್ಚಿ
ಬಾಗಿಲಲ್ಲಿ ನಿಂತ, ಕಳ್ಳ ಸಿಕ್ಕಿಬಿದ್ದ ಹಾಗೆ.
ಎದ್ದು ಕೂತೆ. "ಬೆಳಗಾಯಿತಾ?" ಎಂದೆ.
ಅಷ್ಟು ಸಾಕಾಯಿತು.
ಚೆಂಡು ಬಾವಿಗೆ ಬಿದ್ದದ್ದು, ಕಾಗೆ ಮೂರು ಹಪ್ಪಳ ಒಯ್ದದ್ದು,
ಅಲ್ಲ ಎರಡು, ಒಂದು ಇವನೇ ತಿಂದದ್ದು ಹಸಿಹಸಿ,
ಪಕ್ಕದ ಮನೆ ಬೆಕ್ಕಿಗೆ ಮರಿ, ಕಣ್ಣೇ ಬಿಟ್ಟಿಲ್ಲ, ನಿನ್ನ ಹಾಗೇ,
ಸಮುದ್ರಕ್ಕೆ ಯಾವಾಗ, ಈಗಲಾ, ಚಹಾ ಕುಡಿದಾ,
ಚಹಾ ಬೇಡ ಅಪ್ಪ, ಈಗಲೇ.

ಐದಕ್ಕೆ ಹೋದೆವು. ಮರಳಿನ ಕಾವು ಆರಿರಲಿಲ್ಲ.
ಕಂಕುಳಿಗೊಬ್ಬರಂತೆ ಇಬ್ಬರನ್ನೂ ಎತ್ತಿಕೊಂಡು
ಒದ್ದೆ ಮರಳಿನ ತನಕ ಓಡಿದೆ.
ಅಲ್ಲಿ ಇಳಿಸಿದ ಮೇಲೆ
ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ.

ಈಗ ಯಲ್ಲಾಪುರ, ರಾತ್ರಿ ಹನ್ನೊಂದೂವರೆ.
ಪ್ಯಾಸೆಂಜರುಗಳು ಚಹಾಕ್ಕೆ ಇಳಿದಿದ್ದಾರೆ.
ಡಬ್ಬಿಯ ಚೀಲದಲ್ಲಿ, ಚಪಾತಿಯ ಬಿಸಿಗೆ ಬಾಗಿದ ಹಳದಿ ರಟ್ಟು,
ಅವಳೇ ಇಟ್ಟಿರಬೇಕು, ಹೇಳದೆ.
ಅಂಚಿನಲ್ಲಿ ಬೆವರಿದ ಸಣ್ಣ ಹೆಬ್ಬೆರಳ ಗುರುತು.
ಪಾಲಕರ ಸಹಿ ಎಂಬಲ್ಲಿ ಖಾಲಿ ಗೆರೆ.
ಪೆನ್ನು ತೆಗೆದೆ. ಸಹಿಗೆ ಮೊದಲು ಅಕ್ಕೋರಿಗೊಂದು ಮಾತು,
"ಮನೆಯಲ್ಲಿ" ಎಂದು ಬರೆದು ನಿಂತೆ.
ಕಂಡಕ್ಟರ್ ಗಣಪು ಸೀಟಿ ಊದಿದ.

ಇರಲಿ, ಜೂನ್ ತನಕ ಸಮಯವಿದೆ.
ರಟ್ಟನ್ನು ಮುಂದಿನ ಗಾಜಿಗೆ ಸಿಕ್ಕಿಸಿ ಗೇರು ಹಾಕಿದೆ.
ಕಿಟಕಿಯ ಗಾಳಿಗೆ ಅದು
ಕಿರವತ್ತಿ ದಾಟಿದರೂ ಬಿಡದೆ
ಪಟಪಟ ಅನ್ನುತ್ತಲೇ ಇದೆ.