ಬೋರಲು ಹಾಕಿದ ಸೀಸೆ

ಏಳು ತಿಂಗಳು ಬರೇ ಪುಡಿ.
ತಳಕ್ಕೆ ಕೂತ ಬಿಳಿ ಪುಡಿ, ಸುಣ್ಣದಂಥದು.
ನೋಟ್‌ಬುಕ್ಕಿನ ತುಂಬ ಒಂದೇ ಮಾತು: ಜೆಲ್ ಆಗಲಿಲ್ಲ.

ಕಡ್ಡಿಪೆಟ್ಟಿಗೆಯ ಮಗ್ಗುಲಲ್ಲಿ ಉರಿಯಲು ಕಾದಿರುವ ರಂಜಕ
ನನ್ನ ಸೀಸೆಯಲ್ಲಿ ತಣ್ಣಗೆ ಸಂಸಾರಸ್ಥ:
ಬೆನ್ನಿಗೊಂದು ಆಮ್ಲಜನಕ, ಎರಡು ಉದ್ದ ಬಾಲ,
ಪಕ್ಕದಲ್ಲಿ ಸಾರಜನಕ, ಅದರ ಸೊಂಟದ ಮೇಲೆ
ಕೂಸಿನ ಹಾಗೆ ಒಂದು ಜಲಜನಕ.
ಆ ಕೂಸು ತಾಯ ಸೊಂಟ ಬಿಡದೆಯೇ
ನೆರೆಮನೆಯ ಆಮ್ಲಜನಕದ ಸೆರಗಿಗೆ ಕೈ ಚಾಚಬೇಕು.
ಇಷ್ಟೇ ನಾನು ಕೇಳಿದ್ದು.

ಅವತ್ತು ಧಾರವಾಡದಲ್ಲಿ ಕರೆಂಟು ಹೋಯಿತು.
ಐಸಿನಲ್ಲಿ ಇಡಬೇಕಾದ ಸೀಸೆಯನ್ನು
ಬಿಸಿ ತಟ್ಟೆಯ ಮೇಲೇ ಮರೆತು
ಈರಬಸಪ್ಪನ ಜೊತೆ ಮೆಟ್ಟಿಲ ಮೇಲೆ ಗಿರ್ಮಿಟ್ ತಿಂದೆ.
ತಟ್ಟೆ ತನ್ನಷ್ಟಕ್ಕೆ ಆರಿತು. ಆರುವಷ್ಟು ಹೊತ್ತು
ಒಳಗೆ ಯಾರು ಯಾರನ್ನು ಹುಡುಕಿದರೋ.

ಬಂದು ಬೋರಲು ಮಾಡಿದೆ.
ಬೀಳಲಿಲ್ಲ.
ಅಲುಗಿಸಿದೆ. ನಡುಗಿತು, ಬೀಳಲಿಲ್ಲ.
"ಹೆಪ್ಪಾತೇನ್ರಿ ಅಕ್ಕಾರ?" ಅಂದ ಈರಬಸಪ್ಪ.
ಹೆಪ್ಪು ಹಾಕದೆ ಹೆಪ್ಪಾಯಿತು, ಅಂದೆ.

ಭಾನುವಾರ ಹಳೇ ಹುಬ್ಬಳ್ಳಿಯ ಮನೆಗೆ ಒಯ್ದೆ,
ಸೂಕ್ಷ್ಮದರ್ಶಕದ ಫೋಟೊ ಸಹಿತ.
ಅಪ್ಪ ದಾವಲಸಾಬ, ನಲವತ್ತು ವರ್ಷ ಗಾದಿಗೆ ಹತ್ತಿ ಹಿಂಜಿದವ.
ಈಗ ಮಷೀನು ಹಿಂಜುತ್ತದೆ; ಬಿಲ್ಲು ಗೋಡೆಯ ಮೊಳೆಯಲ್ಲಿ.
ಫೋಟೊ ಕಣ್ಣ ಹತ್ತಿರ ಹಿಡಿದ:
"ಇದು ನಮ್ಮ ಜಯಧರ ಹತ್ತಿ ಅಲ್ಲೇನ?"
ಅಲ್ಲಪ್ಪಾ, ಈ ಎಳೆ ಕೂದಲಿಗಿಂತ ಸಾವಿರ ಪಟ್ಟು ಸಣ್ಣ.
"ಗಂಟು ಹಾಕೀಯೇನು?"
ಇಲ್ಲ.
"ಅಂಟು?"
ಇಲ್ಲ.
ಮುಂದೆ ಕೇಳಲಿಲ್ಲ. ಹಳೆಯ ಗಾದಿಯ ಹೊಲಿಗೆ ಬಿಚ್ಚಿ
ಎರಡು ಬೆರಳಲ್ಲಿ ಹತ್ತಿ ಎತ್ತಿದ.
ಚಿವುಟಿದ್ದು ಇಷ್ಟೇ;
ಎದ್ದು ಬಂದದ್ದು ಒಂದು ಮೊಳ.

ಒಂದು ಹನಿ ಮೆಥನಾಲ್ ಸಾಕು ಇದನ್ನು ಕೆಡಿಸಲು,
ಅಂತ ಹೇಳಲಿಲ್ಲ ನಾನು.
ಪರವೂರಿನ ಆ ಹನಿ ನಡುವೆ ಹೊಕ್ಕು
ಚಾಚಿದ ಕೈಯೆಲ್ಲ ತಾನೇ ಹಿಡಿದುಬಿಡುತ್ತದೆ,
ನೋಡನೋಡುತ್ತ ಎಲ್ಲ ನೀರು. ಮಂಗಳವಾರ ನೋಡಿದ್ದೇನೆ.
ಕಾಸಿದರೆ ಮಾತ್ರ ಬೇರೆ ಮಾತು: ಕರಗಿದ್ದು ಆರಿದ ಮೇಲೆ
ಮತ್ತೆ ಕೂಡಿಕೊಳ್ಳುತ್ತದೆ, ಜಗಳ ಮುಗಿದ ಓಣಿಯ ಹಾಗೆ.

ಸೀಸೆ ಅಪ್ಪನ ಕೈಗೆ ಕೊಟ್ಟೆ.
ತಾನೇ ಬೋರಲು ಮಾಡಿದ,
ನಂಬದೆ,
ಎಡಗೈ ಕೆಳಗೆ ಒಡ್ಡಿ.

ಚಾ ಆರಿತು.
ಕೈ ಹಾಗೇ ಇತ್ತು.